ಮೊದಲು ನೀರು, ಆಮೇಲೆ ಫೋನು: ರಾಸಾಯನಿಕ ಕಾರ್ಖಾನೆಯಲ್ಲಿ ಮೈ ಸುಟ್ಟಾಗ ಮಾಡಬೇಕಾದದ್ದು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಅಂದರೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಕೈಗಾರಿಕಾ ಪ್ರದೇಶದಲ್ಲಿ, 2016ರ ಮೇ 26ರಂದು ಮತ್ತು 2024ರ ಮೇ 23ರಂದು ನಡೆದ ಸ್ಫೋಟಗಳನ್ನು ಈ ಭಾಗದಲ್ಲಿ ವಾಸಿಸುವ ಯಾರೂ ಮರೆತಿಲ್ಲ. ಆದರೆ ಸೇಫ್ಟಿ ವಿಭಾಗದ ಕೆಲಸದಲ್ಲಿ ನಾನು ಕಣ್ಣಾರೆ ಕಂಡ ಸುಟ್ಟಗಾಯಗಳಲ್ಲಿ ಹೆಚ್ಚಿನವು ಪತ್ರಿಕೆಗೆ ಬರುವಂಥವಲ್ಲ. ಫ್ಲ್ಯಾಂಜಿನ (ಪೈಪುಗಳನ್ನು ಜೋಡಿಸುವ ಚಪ್ಪಟೆ ಬಳೆ) ಬೋಲ್ಟ್ ಸಡಿಲಿಸುವಾಗ ಚಿಮ್ಮಿದ ಅರ್ಧ ಲೋಟ ಕಾಸ್ಟಿಕ್ (ಕಾಸ್ಟಿಕ್ ಸೋಡಾ ದ್ರಾವಣ), ಹೋಸ್ ಪೈಪ್ ಬಿಚ್ಚಿದಾಗ ಅದರ ಹೊಟ್ಟೆಯಲ್ಲಿ ಉಳಿದಿದ್ದ ಆ್ಯಸಿಡ್, ಸ್ಯಾಂಪಲ್ ಬಾಟಲಿಯಿಂದ ಗ್ಲೌಸಿನೊಳಗೆ ಇಳಿದ ನಾಲ್ಕು ಹನಿ, ಇಂಥವೇ. ಇವುಗಳಿಂದ ಆಗುವ ಹಾನಿ ಬಿದ್ದ ಪ್ರಮಾಣಕ್ಕಿಂತ ಹೆಚ್ಚಾಗಿ, ಬಿದ್ದ ಮೇಲೆ ಎಷ್ಟು ಹೊತ್ತು ಮೈಮೇಲೆ ಉಳಿಯಿತು ಎಂಬುದನ್ನು ಅವಲಂಬಿಸಿರುತ್ತದೆ.

ತಳೋಜಾ, ಠಾಣೆ-ಬೇಲಾಪುರ ಪಟ್ಟಿ, ಅಂಬರನಾಥ, ಬದ್ಲಾಪುರ, ಬೊಯಿಸರ್-ತಾರಾಪುರ, ಆಚೆ ಪುಣೆ ಜಿಲ್ಲೆಯ ಕುರ್ಕುಂಭ, ಈ ಎಲ್ಲ ಕಡೆಯ ಕಾರ್ಖಾನೆಗಳಲ್ಲಿ ಕನ್ನಡದವರಿದ್ದಾರೆ. ಲ್ಯಾಬಿನಲ್ಲಿ ಉಡುಪಿ, ಕುಂದಾಪುರದ ಕಡೆಯ ಕೆಮಿಸ್ಟರು ಸಿಗುತ್ತಾರೆ. ಠೇಕೆದಾರರ ಕೈಕೆಳಗೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಹೆಲ್ಪರುಗಳು ಸಿಗುತ್ತಾರೆ. ಡ್ರಮ್ಮಿನ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ, ಗೋಡೆಯ ಮೇಲಿನ ಫಲಕ ಹಿಂದಿಯಲ್ಲೋ ಮರಾಠಿಯಲ್ಲೋ ಇರುತ್ತದೆ, ಊರಿನಿಂದ ಬಂದು ಹದಿನೈದು ದಿನವಾದ ಹುಡುಗನಿಗೆ ಎರಡೂ ದಕ್ಕುವುದಿಲ್ಲ. ಅಂಥವನ ಜೊತೆ ಕೆಲಸ ಮಾಡುವ ಹಿರಿಯರು ಓದಿ, ಅವನಿಗೆ ಅವನ ಮಾತಿನಲ್ಲೇ ಹೇಳಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಉರಿ ಇಲ್ಲದ ಸುಟ್ಟಗಾಯ

ಕೆಲವು ವರ್ಷಗಳ ಹಿಂದೆ ರಾತ್ರಿಪಾಳಿಯಲ್ಲಿ ಇಂಡಿ ತಾಲೂಕಿನ ಕಡೆಯ ಹುಡುಗನೊಬ್ಬ ನನ್ನ ಮುಂದೆ ಬಂದು ನಿಂತ. ಕಾಸ್ಟಿಕ್ ಲೈನಿನ ಗ್ಯಾಸ್ಕೆಟ್ ಬಿಟ್ಟು ತೊಡೆಯ ಮೇಲೆ ಚಿಮ್ಮಿ, ಅಲ್ಲಿಂದ ಇಳಿದು ಗಮ್‌ಬೂಟಿನೊಳಗೆ ಸೇರಿತ್ತು. ಅವನು ಹತ್ತಿ ವೇಸ್ಟಿನಿಂದ ಒರೆಸಿಕೊಂಡು, ಹತ್ತು ನಿಮಿಷ ಕೆಲಸ ಮುಂದುವರಿಸಿ, ಆಮೇಲೆ ಬಂದಿದ್ದ. ‘ಸರ, ಏನೂ ಆಗಿಲ್ರಿ. ಉರಿನೂ ಇಲ್ಲ. ಸಾಬೂನು ಹಚ್ಚಿದಂಗ ಜಾರಾಕತ್ತೈತಿ, ಅಷ್ಟ’ ಎಂದ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಾಸ್ಟಿಕ್ ಸೋಡಾ ಚರ್ಮದ ಕೊಬ್ಬಿನೊಡನೆ ಸೇರಿ ಸಾಬೂನೇ ಆಗುತ್ತದೆ. ಆ ಜಾರಿಕೆ ಅವನ ಮೈಯ ಕೊಬ್ಬಿನದೇ ಆಗಿತ್ತು. ಬೂಟು ಕಳಚಿಸಿದಾಗ ಪಾದದ ಗಂಟಿನ ಸುತ್ತ ಚರ್ಮ ಬೂದುಬಣ್ಣಕ್ಕೆ ತಿರುಗಿ, ನೆನೆದ ಕಾಗದದಂತೆ ಮೆತ್ತಗಾಗಿತ್ತು. ಮುಂದೆ ಅಲ್ಲಿಗೆ ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು.

ತುರ್ತು ಶವರ್ ಅವನಿಂದ ಹದಿನೈದು ಹೆಜ್ಜೆ ದೂರದಲ್ಲಿತ್ತು. ಯಾಕೆ ಹೋಗಲಿಲ್ಲ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ, ಸ್ಯಾಂಪಲ್ ಒಯ್ಯಲು ಬಂದಿದ್ದ ಲ್ಯಾಬಿನ ಹುಡುಗಿ ಅಲ್ಲೇ ನಿಂತಿದ್ದಳು, ಅವಳ ಮುಂದೆ ಪ್ಯಾಂಟ್ ಬಿಚ್ಚುವುದು ಹೇಗೆ ಎಂದ. ಸುಟ್ಟಗಾಯಗಳ ಬಗ್ಗೆ ನಾನು ಕೊಟ್ಟ ತರಬೇತಿಗಳಲ್ಲೆಲ್ಲ ಆಮ್ಲ, ಕ್ಷಾರ, ಪಿಎಚ್ ಎಂದು ಮಾತನಾಡಿದ್ದೆನೇ ಹೊರತು ನಾಚಿಕೆಯ ವಿಷಯವನ್ನು ಒಮ್ಮೆಯೂ ಎತ್ತಿರಲಿಲ್ಲ. ಈಗ ಅದನ್ನೇ ಮೊದಲು ಎತ್ತುತ್ತೇನೆ. ಶವರಿನ ಸುತ್ತ ಒಂದು ಪ್ಲಾಸ್ಟಿಕ್ ಪರದೆ, ಪಕ್ಕದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಎರಡು ಲುಂಗಿ, ಎರಡು ನೈಟಿ, ಒಂದು ಚಾದರ ಮತ್ತು ಬಟ್ಟೆ ಕತ್ತರಿಸುವ ಮೊಂಡುತುದಿಯ ಕತ್ತರಿ ಇಡಿಸಿ. ಇದರ ವೆಚ್ಚ ಹೆಚ್ಚೇನೂ ಅಲ್ಲ, ಆದರೆ ಹಿಂಜರಿಕೆಯ ಆ ಎರಡು ನಿಮಿಷವನ್ನು ಇದು ಉಳಿಸುತ್ತದೆ.

ಬಿದ್ದ ಕೂಡಲೇ

ಮೈಮೇಲೆ ರಾಸಾಯನಿಕ ಬಿದ್ದವನು ಮಾಡಬೇಕಾದ ಮೊದಲ ಕೆಲಸ ಶವರಿನ ಕೆಳಗೆ ಹೋಗಿ ಹಿಡಿಕೆ ಎಳೆಯುವುದು. ಮೇಲಧಿಕಾರಿಗೆ ಹೇಳುವುದು, ಫೋನ್ ಮಾಡುವುದು, ಏನು ಬಿತ್ತೆಂದು ಲೇಬಲ್ ನೋಡುವುದು, ಇವೆಲ್ಲ ಆಮೇಲಿನವು ಮತ್ತು ಬೇರೆಯವರ ಕೆಲಸ. ನೀರು ಸುರಿಯುತ್ತಿರುವಾಗಲೇ ಬಟ್ಟೆ, ಬೂಟು, ಸಾಕ್ಸು, ಗ್ಲೌಸು, ಬೆಲ್ಟು, ಕೈಗಡಿಯಾರ, ಉಂಗುರ, ಕೈಗೆ ಕಟ್ಟಿದ ದಾರ, ಉಡಿದಾರ ಎಲ್ಲವನ್ನೂ ತೆಗೆಯಬೇಕು. ಬಟ್ಟೆ ತೆಗೆದ ಮೇಲೆ ನೀರು ಎಂದು ಕಾಯಬಾರದು, ನೀರು ನಿಂತ ಮೇಲೆ ಬಟ್ಟೆ ಎಂದೂ ಕಾಯಬಾರದು. ತಲೆಯ ಮೇಲಿಂದ ತೆಗೆಯಬೇಕಾದ ಟಿ-ಶರ್ಟನ್ನು ಎಳೆದರೆ ಎದೆಯ ಮೇಲಿದ್ದ ಆ್ಯಸಿಡ್ ಮುಖಕ್ಕೂ ಕಣ್ಣಿಗೂ ಹತ್ತುತ್ತದೆ, ಆದ್ದರಿಂದ ಅದನ್ನು ಕತ್ತರಿಸಿಯೇ ತೆಗೆಯಬೇಕು. ಗಾಗಲ್ಸನ್ನು ಮಾತ್ರ ತಲೆ, ಮುಖ ಚೆನ್ನಾಗಿ ತೊಳೆದಾದ ಮೇಲೆ ತೆಗೆಯಿರಿ. ಸಹಾಯಕ್ಕೆ ಬಂದವರು ಗ್ಲೌಸು, ಏಪ್ರನ್ ಹಾಕಿಕೊಂಡೇ ಮುಟ್ಟಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಸುಟ್ಟುಕೊಂಡ ಪ್ರಸಂಗಗಳು ನನಗೆ ಗೊತ್ತಿವೆ.

ಎಷ್ಟು ಹೊತ್ತು ಎಂಬುದು ಎಲ್ಲರೂ ತಪ್ಪುವ ಲೆಕ್ಕ. ಆಮ್ಲ ಬಿದ್ದರೆ ಕನಿಷ್ಠ 20ರಿಂದ 30 ನಿಮಿಷ ಹರಿಯುವ ನೀರು ಬೇಕು. ಕಾಸ್ಟಿಕ್ ಸೋಡಾ, ಕಾಸ್ಟಿಕ್ ಪೊಟ್ಯಾಶ್, ಅಮೋನಿಯಾದಂಥ ಕ್ಷಾರಗಳಾದರೆ ಒಂದು ಗಂಟೆಯಾದರೂ ಬೇಕಾಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ಇದಕ್ಕೆ ಕಾರಣವಿದೆ. ಆಮ್ಲ ಚರ್ಮದ ಪ್ರೋಟೀನನ್ನು ಹೆಪ್ಪುಗಟ್ಟಿಸುವುದರಿಂದ ಮೇಲೊಂದು ಗಟ್ಟಿ ಪದರ ಉಂಟಾಗಿ, ಅದು ಆಮ್ಲ ಒಳಗಿಳಿಯುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಾರ ಹಾಗಲ್ಲ, ಅದು ಚರ್ಮವನ್ನು ಕರಗಿಸುತ್ತ, ದಾರಿ ಮಾಡಿಕೊಳ್ಳುತ್ತ ಆಳಕ್ಕೆ ಹೋಗುತ್ತದೆ ಮತ್ತು ಹೋಗುವಾಗ ಸದ್ದು ಮಾಡುವುದಿಲ್ಲ. ಆ್ಯಸಿಡ್ ಬಿದ್ದವನು ಕಿರುಚುತ್ತಾನೆ, ಕಾಸ್ಟಿಕ್ ಬಿದ್ದವನು ಏನೂ ಆಗಿಲ್ಲ ಎನ್ನುತ್ತಾನೆ. ಹಾಗಾಗಿ ಉರಿ ನಿಂತಿತೆಂಬುದು ತೊಳೆಯುವುದನ್ನು ನಿಲ್ಲಿಸಲು ಸರಿಯಾದ ಗುರುತಲ್ಲ. ಆಮ್ಲವೋ ಕ್ಷಾರವೋ ಎಂದು ಬಣ್ಣದಿಂದ ತೋರಿಸುವ ಪಿಎಚ್ ಪೇಪರ್ ನಿಮ್ಮ ಲ್ಯಾಬಿನಲ್ಲಿ ಇದ್ದೇ ಇರುತ್ತದೆ. ನೀರು ನಿಲ್ಲಿಸಿ ಹತ್ತು ನಿಮಿಷವಾದ ಮೇಲೆ ಒದ್ದೆ ಚರ್ಮಕ್ಕೆ ಒಂದು ಪಟ್ಟಿ ಒತ್ತಿ ನೋಡಿ. ಅದು ಇನ್ನೂ ನೀಲಿಗೆ ತಿರುಗುತ್ತಿದ್ದರೆ ಒಳಗಿನಿಂದ ಕ್ಷಾರ ಮೇಲೆ ಬರುತ್ತಿದೆ ಎಂದರ್ಥ, ಮತ್ತೆ ಶವರಿನ ಕೆಳಗೆ ನಿಲ್ಲಿಸಿ.

ಈ ಅರ್ಧ ಗಂಟೆ ನೀರಿನಡಿ ನಿಲ್ಲಿಸುವುದನ್ನು ಆಸ್ಪತ್ರೆಗೆ ಸಾಗಿಸುವಲ್ಲಿ ಮಾಡಿದ ವಿಳಂಬ ಎಂದು ಭಾವಿಸುವ ಮ್ಯಾನೇಜರುಗಳಿದ್ದಾರೆ. ಗಾಯಾಳುವನ್ನು ಒದ್ದೆ ಬಟ್ಟೆಯಲ್ಲೇ ಜೀಪಿಗೆ ಹತ್ತಿಸಿ ಓಡಿಸುತ್ತಾರೆ. ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಆ ಜೀಪು ಮುಕ್ಕಾಲು ಗಂಟೆ ನಿಂತರೆ, ಅಷ್ಟು ಹೊತ್ತೂ ರಾಸಾಯನಿಕ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ವೈದ್ಯರು ಸಹ ಮೊದಲು ಮಾಡುವುದು ತೊಳೆಯುವುದನ್ನೇ. ನೀರು ಹಾಕುವುದೇ ಚಿಕಿತ್ಸೆಯ ಮೊದಲ ಭಾಗ ಎಂದು ತಿಳಿದು, ಅದು ನಡೆಯುತ್ತಿರುವಾಗ ಇನ್ನೊಬ್ಬರು ಆ್ಯಂಬುಲೆನ್ಸ್ ತರಿಸಲಿ. ಮಹಾರಾಷ್ಟ್ರದಲ್ಲಿ 108ಕ್ಕೆ ಕರೆ ಮಾಡಿದರೆ ಉಚಿತ ಆ್ಯಂಬುಲೆನ್ಸ್ ಬರುತ್ತದೆ.

ಆ್ಯಸಿಡ್ ಬಿದ್ದರೆ ಅಡುಗೆ ಸೋಡಾ, ಕ್ಷಾರ ಬಿದ್ದರೆ ವಿನೆಗರ್ ಅಥವಾ ನಿಂಬೆಹಣ್ಣು ಎಂಬ ತರ್ಕ ಕೆಮಿಸ್ಟ್ರಿ ಓದಿದವರ ತಲೆಗೇ ಮೊದಲು ಹೊಳೆಯುವುದು ದುರದೃಷ್ಟ. ಬೀಕರಿನಲ್ಲಿ ಅದು ಸರಿ. ಮೈಮೇಲೆ ತಟಸ್ಥೀಕರಣ ನಡೆದರೆ ಅದರಿಂದ ಹುಟ್ಟುವ ಶಾಖ ಚರ್ಮವನ್ನು ಎರಡನೆಯ ಸಲ ಸುಡುತ್ತದೆ, ಜೊತೆಗೆ ಆ ಸಾಮಗ್ರಿ ಹುಡುಕಲು ಹೊತ್ತೂ ಹೋಗುತ್ತದೆ. ಅರಿಶಿನ, ಜೇನು, ಟೂತ್‌ಪೇಸ್ಟ್, ತುಪ್ಪ, ಕಾಫಿಪುಡಿ, ಇಂಕು, ಐಸು, ಇವು ಯಾವುವೂ ಬೇಡ. ಮುಲಾಮನ್ನೂ ಹಚ್ಚಬೇಡಿ, ಅದನ್ನು ಕೆರೆದು ತೆಗೆಯದೆ ಗಾಯ ಎಷ್ಟು ಆಳ ಎಂದು ವೈದ್ಯರಿಗೆ ಕಾಣುವುದಿಲ್ಲ. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ.

ಕಣ್ಣಿಗೆ ಬಿದ್ದಾಗ ಇನ್ನೂ ಕಟ್ಟುನಿಟ್ಟು. ನೋವಿಗೆ ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಗಾಯಾಳು ತಾನಾಗಿ ತೆರೆಯಲಾರ. ಇನ್ನೊಬ್ಬರು ಎರಡು ಬೆರಳಿನಿಂದ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಐವಾಶ್ ಎಂಬ ಕಣ್ಣು ತೊಳೆಯುವ ಸಾಧನದ ನೀರಿನ ಧಾರೆಯಲ್ಲಿ ಕಣ್ಣುಗುಡ್ಡೆಯನ್ನು ಎಲ್ಲ ದಿಕ್ಕಿಗೂ ಹೊರಳಿಸಲು ಹೇಳುತ್ತ, ಕನಿಷ್ಠ 20 ನಿಮಿಷ, ಕ್ಷಾರವಾದರೆ ಅರ್ಧ ಗಂಟೆಗೂ ಮೀರಿ ತೊಳೆಯಬೇಕು. ಒಂದೇ ಕಣ್ಣಿಗೆ ಬಿದ್ದಿದ್ದರೆ ಅದನ್ನು ಕೆಳಭಾಗಕ್ಕೆ ಬರುವಂತೆ ತಲೆ ವಾಲಿಸಿ, ಇಲ್ಲವಾದರೆ ತೊಳೆದ ನೀರು ಒಳ್ಳೆಯ ಕಣ್ಣಿಗೆ ಹರಿಯುತ್ತದೆ. ಲೆನ್ಸ್ ಹಾಕಿದ್ದರೆ ತೊಳೆಯುತ್ತಲೇ ತೆಗೆಸಿ. ಚಿಕ್ಕ ಐವಾಶ್ ಬಾಟಲಿಗಳು ನಲ್ಲಿಯವರೆಗೆ ತಲುಪಲು ಮಾತ್ರ ಸಾಕು, ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ನೀರಿನ ನಿಯಮಕ್ಕೆ ಹೊರತಾದವು

ಕೆಲವು ಪದಾರ್ಥಗಳಿಗೆ ನೀರಿಗಿಂತ ಮೊದಲು ಬೇರೆ ಕೆಲಸವಿದೆ. ಕಾಸ್ಟಿಕ್ ಫ್ಲೇಕ್ಸ್, ಸುಟ್ಟ ಸುಣ್ಣದಂಥ ಒಣ ಪುಡಿಗಳನ್ನು ಒಣ ಬ್ರಷ್ಷಿನಿಂದಲೋ ಬಟ್ಟೆಯಿಂದಲೋ ಕೊಡವಿ, ಆಮೇಲೆ ಧಾರಾಳವಾಗಿ ನೀರು ಬಿಡಬೇಕು. ಸೋಡಿಯಂ, ಪೊಟ್ಯಾಶಿಯಂ ಲೋಹದ ಚೂರು ಚರ್ಮಕ್ಕೆ ಅಂಟಿದ್ದರೆ ನೀರು ತಾಕಿಸದೆ ಚಿಮಟದಿಂದ ತೆಗೆದು, ಉಳಿದುದರ ಮೇಲೆ ಲಿಕ್ವಿಡ್ ಪ್ಯಾರಾಫಿನ್ ಹಾಕಿ ಆಸ್ಪತ್ರೆಗೆ ಒಯ್ಯಬೇಕು. ಥಯೊನಿಲ್ ಕ್ಲೋರೈಡ್, ಕ್ಲೋರೋಸಲ್ಫೋನಿಕ್ ಆ್ಯಸಿಡ್ಡುಗಳು ನೀರಿನೊಡನೆ ಉಗ್ರವಾಗಿ ವರ್ತಿಸುತ್ತವೆ. ಕೈಗೆ ಸಿಕ್ಕ ಒಣ ಬಟ್ಟೆಯಿಂದ ಒಂದೆರಡು ಕ್ಷಣದಲ್ಲಿ ಒತ್ತಿ ತೆಗೆದು, ತಕ್ಷಣ ಪೂರ್ತಿ ಶವರಿನಡಿ ಹೋಗಬೇಕು. ಇಲ್ಲಿ ಅಪಾಯಕಾರಿಯಾದದ್ದು ಒಂದು ಮಗ್ಗು ನೀರು, ಪ್ರವಾಹದಂತೆ ಸುರಿಯುವ ನೀರಲ್ಲ.

ಫೀನಾಲ್ ಬೇರೆಯೇ ಜಾತಿ. ಅದು ಸುಮಾರು 41 ಡಿಗ್ರಿಯಲ್ಲಿ ಕರಗುವುದರಿಂದ ಸುತ್ತ ಬಿಸಿ ಹೊದಿಕೆ (ಜಾಕೆಟ್) ಇರುವ ಲೈನಿನಲ್ಲಿ ದ್ರವವಾಗಿ ಹರಿಸುತ್ತಾರೆ. ಬಿದ್ದ ಜಾಗ ಬೆಳ್ಳಗಾಗಿ ಮರಗಟ್ಟುತ್ತದೆ, ನೋವು ಹೋಯಿತೆಂದು ಮನುಷ್ಯ ಸಮಾಧಾನ ಪಡುತ್ತಾನೆ, ಅಷ್ಟರಲ್ಲಿ ಅದು ರಕ್ತಕ್ಕೆ ಸೇರಿ ಹೃದಯ, ನರಮಂಡಲ, ಮೂತ್ರಪಿಂಡಗಳನ್ನು ಹಿಡಿಯುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್, ನಮ್ಮವರು ಪಿಇಜಿ 400 ಎನ್ನುವುದು, ಅದರಲ್ಲಿ ನೆನೆಸಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸುವುದು ಒಳ್ಳೆಯ ಉಪಾಯ. ಔಷಧ ಕಾರ್ಖಾನೆಯಾದರೆ ಅದು ನಿಮ್ಮ ಗೋದಾಮಿನಲ್ಲೇ ಇರಬಹುದು. ಅದು ಕೈಗೆ ಸಿಗುವವರೆಗೆ ಜೋರಾದ ಶವರ್ ನಿಲ್ಲಿಸಬಾರದು. ಡೈಮೀಥೈಲ್ ಸಲ್ಫೇಟ್ ತಾಗಿದವನಿಗೆ ಹಲವು ಗಂಟೆ ಏನೂ ಅನ್ನಿಸದೆ, ಆಮೇಲೆ ಬೊಬ್ಬೆಯೂ ಉಸಿರಾಟದ ತೊಂದರೆಯೂ ಶುರುವಾಗಬಹುದು. ಅವನನ್ನು ಪಾಳಿ ಮುಗಿಯಿತೆಂದು ರೂಮಿಗೆ ಕಳಿಸದೆ ಆಸ್ಪತ್ರೆಯ ನಿಗಾದಲ್ಲಿ ಇರಿಸಬೇಕು.

ಇವೆಲ್ಲಕ್ಕಿಂತ ನಾನು ಹೆಚ್ಚು ಹೆದರುವುದು ಹೈಡ್ರೋಫ್ಲೋರಿಕ್ ಆ್ಯಸಿಡ್ಡಿಗೆ (ಎಚ್‌ಎಫ್). ಅದು ನಮ್ಮ ಪ್ಲ್ಯಾಂಟಿನಲ್ಲಿ ಇಲ್ಲ ಎಂದು ಹೇಳುವವರು ಒಮ್ಮೆ ಫ್ಯಾಬ್ರಿಕೇಟರನ ಡಬ್ಬಿ ನೋಡಿ ಬರಲಿ. ಸ್ಟೇನ್‌ಲೆಸ್ ಸ್ಟೀಲಿನ ವೆಲ್ಡಿಂಗ್ ಆದ ಮೇಲೆ ಕಪ್ಪು ಕಲೆ ತೆಗೆಯಲು ಬಳಿಯುವ ಪಿಕ್ಲಿಂಗ್ ಪೇಸ್ಟಿನಲ್ಲಿ ನೈಟ್ರಿಕ್ ಆ್ಯಸಿಡ್ಡಿನ ಜೊತೆ ಸಾಮಾನ್ಯವಾಗಿ ಇರುವುದು ಅದೇ. ಅದನ್ನು ಬಳಿಯುವವನು ಠೇಕೆದಾರನ ಹುಡುಗ, ಕೈಯಲ್ಲಿ ಹತ್ತಿಯ ಗ್ಲೌಸು, ಬ್ರಷ್ಷು ಪೇಂಟಿನದು. ಹಗಲೆಲ್ಲ ಅವನಿಗೆ ಏನೂ ಅನ್ನಿಸುವುದಿಲ್ಲ. 20 ಶೇಕಡಕ್ಕಿಂತ ಕಡಿಮೆ ಸಾಂದ್ರತೆಯದಾದರೆ ನೋವು ಕಾಣಿಸಿಕೊಳ್ಳಲು 24 ಗಂಟೆಯವರೆಗೂ ಆಗಬಹುದು. ರಾತ್ರಿ ಉಂಡು ಮಲಗಿದ ಮೇಲೆ ಉಗುರಿನಡಿ ಸುತ್ತಿಗೆಯಿಂದ ಹೊಡೆದಂತೆ ಸಿಡಿತ ಶುರುವಾಗುತ್ತದೆ, ಮೇಲೆ ನೋಡಿದರೆ ಬೆರಳು ಸ್ವಲ್ಪ ಕೆಂಪಾಗಿರುವುದು ಬಿಟ್ಟರೆ ಗಾಯವೇ ಇಲ್ಲ. ಫ್ಲೋರೈಡ್ ಚರ್ಮ ದಾಟಿ ಒಳಗಿಳಿದು ಅಂಗಾಂಶದ, ಮೂಳೆಯ, ಕೊನೆಗೆ ರಕ್ತದ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ. ಗಾಢವಾದ ಎಚ್‌ಎಫ್ ಅಂಗೈಯಷ್ಟು ಜಾಗಕ್ಕೆ ತಾಗಿದರೂ ಪ್ರಾಣಕ್ಕೆ ಅಪಾಯ.

ಇದಕ್ಕೆ ಮದ್ದು 2.5 ಶೇಕಡ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್. ಸುಮಾರು ಐದು ನಿಮಿಷ ಜೋರಾಗಿ ತೊಳೆದು, ಜೆಲ್ಲನ್ನು ಗ್ಲೌಸು ಹಾಕಿದ ಕೈಯಿಂದ ಗಾಯದ ಮೇಲೆ ತಿಕ್ಕುತ್ತಿರಬೇಕು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೊಸದಾಗಿ ಹಚ್ಚಬೇಕು. ಬೆರಳಿಗೆ ಆಗಿದ್ದರೆ ಸರ್ಜಿಕಲ್ ಗ್ಲೌಸಿನೊಳಗೆ ಜೆಲ್ ತುಂಬಿ ಕೈಯನ್ನು ಅದರೊಳಗೇ ಇರಿಸಿ ಆಸ್ಪತ್ರೆಗೆ ಒಯ್ಯಬಹುದು. ಜೆಲ್ ಇಲ್ಲದಿದ್ದರೆ ಅದು ಸಿಗುವವರೆಗೂ ನೀರೇ ಗತಿ. ಆಸ್ಪತ್ರೆಯಲ್ಲಿ ‘ಆ್ಯಸಿಡ್ ಬಿತ್ತು’ ಎಂದಷ್ಟೇ ಹೇಳಬೇಡಿ. ‘ಹೈಡ್ರೋಫ್ಲೋರಿಕ್’ ಎಂಬ ಹೆಸರನ್ನೇ ಹೇಳಿ, ಇಸಿಜಿ ಮತ್ತು ಕ್ಯಾಲ್ಸಿಯಂ ಪರೀಕ್ಷೆ ಮಾಡಿಸುವಂತೆ ಕೇಳಿ. ನೋವಿನ ಮಾತ್ರೆ ಬರೆದು ಮನೆಗೆ ಕಳಿಸಿದರೆ ಒಪ್ಪಬೇಡಿ.

ಹಬೆ, ಕಂಡೆನ್ಸೇಟ್, ಥರ್ಮಿಕ್ ಫ್ಲೂಯಿಡ್

ಹಬೆ, ಕಂಡೆನ್ಸೇಟ್ (ಹಬೆ ತಣಿದು ಆದ ಬಿಸಿನೀರು) ಇಂಥವುಗಳ ಶಾಖದ ಸುಟ್ಟಗಾಯಕ್ಕೂ ನೀರೇ, ತಣ್ಣನೆಯ ಹರಿಯುವ ನೀರು, 20 ನಿಮಿಷ. ತಕ್ಷಣ ಆಗದಿದ್ದರೆ ಮೂರು ಗಂಟೆಯೊಳಗೆ ಹಾಕಿದರೂ ಪ್ರಯೋಜನವಿದೆ. ಒಂದೇ ವ್ಯತ್ಯಾಸವೆಂದರೆ, 250 ಡಿಗ್ರಿಯ ಥರ್ಮಿಕ್ ಫ್ಲೂಯಿಡ್ (ಶಾಖ ಸಾಗಿಸಲು ಕಾಯಿಸಿ ಹರಿಸುವ ಎಣ್ಣೆ) ಬಿದ್ದು ನೈಲಾನ್ ಬಟ್ಟೆ ಕರಗಿ ಚರ್ಮಕ್ಕೆ ಅಂಟಿದ್ದರೆ ಅದನ್ನು ಕೀಳದೆ ಸುತ್ತಲಿನದನ್ನು ಕತ್ತರಿಸಬೇಕು. ಆಮೇಲೆ ಶುಭ್ರವಾದ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲೆ ಹಾಸಿ. ಕೈಕಾಲಿನ ಸುತ್ತ ಸುತ್ತಬೇಡಿ, ಊತ ಬಂದರೆ ಬಿಗಿಯುತ್ತದೆ. ಮೈಯ ಬಹುಭಾಗ ಸುಟ್ಟಿದ್ದರೆ ತೊಳೆದ ಮೇಲೆ ಚಾದರ ಹೊದಿಸಿ, ಇಲ್ಲದಿದ್ದರೆ ಮೈ ತಣ್ಣಗಾಗಿ ಇನ್ನೊಂದು ಕಷ್ಟ.

ಆಸ್ಪತ್ರೆಗೆ

ಗಾಯಾಳುವಿನ ಬೆರಳುಗಳೂ ಸೇರಿದ ಅಂಗೈ ಅವನ ಮೈಯ ಸುಮಾರು ಒಂದು ಶೇಕಡ ಎಂಬ ಅಳತೆಯಿಂದ ಎಷ್ಟು ಸುಟ್ಟಿದೆ ಎಂದು ಫೋನಿನಲ್ಲಿ ಹೇಳಬಹುದು. ಆದರೆ ರಾಸಾಯನಿಕ ಸುಟ್ಟಗಾಯದಲ್ಲಿ ವಿಸ್ತಾರ ನೋಡಿ ನಿರ್ಧರಿಸಬಾರದು. ಮುಖ, ಕಣ್ಣು, ಕೈ, ಪಾದ, ಕೀಲು, ಗುಪ್ತಾಂಗಗಳಿಗೆ ಆಗಿದ್ದರೆ, ಧ್ವನಿ ಗೊಗ್ಗರಾಗಿದ್ದರೆ, ಹೊಗೆ ಕುಡಿದಿದ್ದರೆ, ಗಾಯ ಎಷ್ಟೇ ಚಿಕ್ಕದಾಗಿರಲಿ ಸುಟ್ಟಗಾಯದ ಘಟಕವಿರುವ ಆಸ್ಪತ್ರೆಗೇ ಹೋಗಬೇಕು. ಈ ಭಾಗದಲ್ಲಿ ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್ ಇದಕ್ಕೆಂದೇ ಇರುವಂಥದ್ದು, ಮುಂಬಯಿಯೊಳಗೆ ಭಾಯಖಳಾದ ಮಸೀನಾ ಆಸ್ಪತ್ರೆಯಲ್ಲಿ ಮತ್ತು ಪಾಲಿಕೆಯ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಸುಟ್ಟಗಾಯದ ವಿಭಾಗಗಳಿವೆ. ಹಾಸಿಗೆ ಇದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ನಾಲ್ಕು ಆಸ್ಪತ್ರೆಯ ಬಾಗಿಲು ತಟ್ಟಿ ಅಲೆಯುವುದನ್ನು ನಾನು ನೋಡಿದ್ದೇನೆ.

ಗಾಯಾಳುವಿನ ಜೊತೆ ಆ ಪದಾರ್ಥದ ಎಸ್‌ಡಿಎಸ್ (ಸುರಕ್ಷತಾ ಮಾಹಿತಿ ಪತ್ರ) ಕಾಗದವೂ ಹೋಗಬೇಕು. ಅದರ 16 ವಿಭಾಗಗಳಲ್ಲಿ ನಾಲ್ಕನೆಯದು ಪ್ರಥಮ ಚಿಕಿತ್ಸೆಯದು, ವೈದ್ಯರಿಗೆ ಬೇಕಾದದ್ದು ಅಲ್ಲೇ ಇದೆ. ಕಂಪ್ಯೂಟರಿನಲ್ಲಿದೆ, ಪಾಸ್‌ವರ್ಡ್ ಜನರಲ್ ಶಿಫ್ಟಿನವರ ಬಳಿ ಇದೆ ಎಂಬ ಉತ್ತರ ರಾತ್ರಿ ಎರಡು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ, ಪ್ರತಿಯೊಂದು ಪದಾರ್ಥದ ಎರಡು ಪ್ರತಿಗಳನ್ನು ಗೇಟಿನ ಸೆಕ್ಯುರಿಟಿಯವರ ಹತ್ತಿರ ಇರಿಸಿ. ಡ್ರಮ್ಮಿನ ಲೇಬಲ್ಲಿನ ಒಂದು ಫೋಟೋ ಜೊತೆಗೆ ಹೋಗುವವನ ಮೊಬೈಲಿನಲ್ಲಿರಲಿ.

ಶವರ್ ಎಂಬ ಯಂತ್ರ

ಹೆಚ್ಚಿನ ರಾಸಾಯನಿಕ ಕಾರ್ಖಾನೆಗಳಲ್ಲಿ ಹಸಿರು ಬಣ್ಣದ ಶವರ್ ಇರುತ್ತದೆ. ಅದು ಕೆಲಸ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಭಾರತದಲ್ಲಿ ಇದಕ್ಕೆ ಐಎಸ್ 10592 ಎಂಬ ಮಾನಕವಿದೆ. ಕಂಪನಿಗಳು ಹೆಚ್ಚಾಗಿ ಹೆಸರಿಸುವ ಅಮೆರಿಕದ ಝಡ್ 358.1 ಮಾನಕದ ಪ್ರಕಾರ ಶವರ್ ಅಪಾಯದ ಜಾಗದಿಂದ 10 ಸೆಕೆಂಡಿನ ನಡಿಗೆಯೊಳಗಿರಬೇಕು, ನಿಮಿಷಕ್ಕೆ ಸುಮಾರು 76 ಲೀಟರಿನಂತೆ 15 ನಿಮಿಷ ಹರಿಯಬೇಕು, ನೀರು 16ರಿಂದ 38 ಡಿಗ್ರಿಯೊಳಗಿರಬೇಕು. ಲೆಕ್ಕ ಹಾಕಿದರೆ ಒಬ್ಬನಿಗೆ 1,100 ಲೀಟರಿಗೂ ಹೆಚ್ಚು. ಎಷ್ಟೋ ಕಡೆ ಶವರಿಗೆ ಜೋಡಿಸಿದ ಟ್ಯಾಂಕೇ 500 ಲೀಟರಿನದು, ಮತ್ತು ಅದೇ ಟ್ಯಾಂಕಿನಿಂದ ಕ್ಯಾಂಟೀನಿಗೂ ನೀರು. ಎಂಐಡಿಸಿ ದುರಸ್ತಿಗೆಂದು ಒಂದು ದಿನ ನೀರು ನಿಲ್ಲಿಸಿದರೆ ಆ ದಿನ ಶವರಿಲ್ಲ; ಹಾಗಿದ್ದರೆ ಆ ದಿನ ಆ್ಯಸಿಡ್ ಟ್ಯಾಂಕರ್ ಖಾಲಿ ಮಾಡುವುದನ್ನೂ ನಿಲ್ಲಿಸಬೇಕು ಎಂಬುದು ನನ್ನ ಹಟ. ಪ್ರೊಡಕ್ಷನ್‌ನವರು ಇದಕ್ಕಾಗಿ ನನ್ನನ್ನು ಬೈದದ್ದಿದೆ.

ನಮ್ಮ ಹವೆಗೂ ಸಂಬಂಧಿಸಿದ ಒಂದು ಸಂಗತಿ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ಹೋಗುವ ಕಬ್ಬಿಣದ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ. ಹಿಡಿಕೆ ಎಳೆದವನ ಮೇಲೆ ಮೊದಲು ಬೀಳುವುದು ಆ ನೀರೇ, ಅವನು ಹೌಹಾರಿ ಹೊರಗೆ ಓಡುತ್ತಾನೆ. ಪೈಪಿಗೆ ನಿರೋಧಕ ಸುತ್ತಿಸಿ, ಬೇಸಿಗೆಯಲ್ಲಿ ಪ್ರತಿ ಪಾಳಿಯ ಆರಂಭದಲ್ಲೂ ಒಮ್ಮೆ ಬಿಟ್ಟು ನಿಲ್ಲಿಸಿ. ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಬಿಟ್ಟರೆ ಸಾಕು, ಆದರೆ ಬಿಳಿ ಬಕೆಟ್ಟಿನಲ್ಲಿ ಹಿಡಿದು ನೋಡಿ: ತುಕ್ಕಿನ ಕೆಂಪು ನೀರನ್ನು ಯಾರ ಕಣ್ಣಿಗೂ ಬಿಡಲಾಗುವುದಿಲ್ಲ. ಇನ್ನು ನಾನು ಮಾಡುವ ಪರೀಕ್ಷೆ ಯಾವ ಮಾನಕದಲ್ಲೂ ಬರೆದಿಲ್ಲ. ಹೊಸದಾಗಿ ಸೇರಿದವನನ್ನು ಅವನ ಕೆಲಸದ ಜಾಗದಲ್ಲಿ ನಿಲ್ಲಿಸಿ, ಕಣ್ಣಿಗೆ ಕರವಸ್ತ್ರ ಕಟ್ಟಿ, ಶವರಿಗೆ ಹೋಗು ಎನ್ನುತ್ತೇನೆ. ಮಧ್ಯದಲ್ಲಿ ಯಾರೋ ತಾತ್ಕಾಲಿಕವಾಗಿ ಇಟ್ಟು ಮೂರು ತಿಂಗಳಾದ ಡ್ರಮ್ಮುಗಳಿಗೆ ಅವನು ಮೊಣಕಾಲು ತಾಗಿಸಿಕೊಂಡರೆ, ಆ ಡ್ರಮ್ಮುಗಳು ಅಂದೇ ಜಾಗ ಬಿಡುತ್ತವೆ.

ಚಿಮ್ಮದಂತೆ ಮಾಡುವುದು

ಲೈನ್ ತೆರೆಯುವ ಮೊದಲು ಒತ್ತಡ ಇಳಿಸಿ, ಖಾಲಿ ಮಾಡಿ, ವಾಲ್ವಿಗೆ ಬೀಗ ಹಾಕುವುದು ಎಲ್ಲರಿಗೂ ಗೊತ್ತಿದೆ. ಅದೆಲ್ಲ ಮಾಡಿದ ಮೇಲೂ ಒಳಗೆ ದ್ರವ ಇದೆ ಎಂದೇ ತಿಳಿದು ಬಿಚ್ಚಬೇಕು: ಫ್ಲ್ಯಾಂಜಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ನಿಮ್ಮಿಂದ ದೂರವಿರುವ ಬೋಲ್ಟನ್ನು ಮೊದಲು ಸಡಿಲಿಸಿದರೆ, ಉಳಿದದ್ದು ಆ ಕಡೆಗೇ ಚಿಮ್ಮುತ್ತದೆ. ಪ್ಯಾಂಟನ್ನು ಗಮ್‌ಬೂಟಿನೊಳಗೆ ತುರುಕಬೇಡಿ; ಇಂಡಿಯ ಆ ಹುಡುಗನ ಬೂಟು ತುಂಬಿದ್ದು ಹಾಗೆಯೇ. ಪ್ಯಾಂಟು ಬೂಟಿನ ಹೊರಗೆ ಇಳಿದಿರಬೇಕು. ತಲೆಗಿಂತ ಎತ್ತರದ ಕೆಲಸವಾದರೆ ಗ್ಲೌಸಿನ ಬಾಯಿಯನ್ನು ಹೊರಕ್ಕೆ ಮಡಚಿಕೊಳ್ಳಿ, ತೋಳಿನಗುಂಟ ಇಳಿಯುವ ಹನಿ ಅಲ್ಲಿ ನಿಲ್ಲುತ್ತದೆ. ಕಾಸ್ಟಿಕ್ ಫ್ಲೇಕ್ಸನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಬಿಸಿನೀರಿಗೆ ಹಾಕಿದರೆ ಉಕ್ಕಿ ಮುಖಕ್ಕೆ ಬರುತ್ತದೆ. ಸಲ್ಫ್ಯೂರಿಕ್ ಆ್ಯಸಿಡ್ಡನ್ನು ನೀರಿಗೆ ಸೇರಿಸಬೇಕೇ ಹೊರತು ಅದಕ್ಕೆ ನೀರನ್ನಲ್ಲ.

ಕುರ್ಕುಂಭದ ಕಡೆಯವರಿಗೆ ಇನ್ನೊಂದು ಮಾತು. 50 ಶೇಕಡದ ಕಾಸ್ಟಿಕ್ ದ್ರಾವಣ ಸುಮಾರು 12 ಡಿಗ್ರಿಯ ಹತ್ತಿರ ಗಟ್ಟಿಯಾಗಲು ಶುರುವಾಗುತ್ತದೆ. ಮುಂಬಯಿಯಲ್ಲಿ ಈ ಚಿಂತೆ ಅಪರೂಪ, ಆದರೆ ಪುಣೆಯ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಲೈನ್ ಚೋಕ್ ಆಗುವುದುಂಟು. ಆಗ ಒಂದು ತುದಿಗೆ ಸ್ಟೀಮ್ ಹೋಸ್ ಹಿಡಿದು ಇನ್ನೊಂದು ತುದಿಯ ಫ್ಲ್ಯಾಂಜ್ ಬಿಚ್ಚಿ ಕಾಯುವ ಅಭ್ಯಾಸವಿದೆ. ಕಟ್ಟಿದ್ದು ಕರಗಿದ ಕ್ಷಣ ಬಿಸಿ ಕಾಸ್ಟಿಕ್ ಫಿರಂಗಿಯಂತೆ ಹಾರುತ್ತದೆ. ಲೈನನ್ನು ಮೊದಲೇ ಬೆಚ್ಚಗಿಡುವ ವ್ಯವಸ್ಥೆ ಮಾಡಿಸಿ, ಅದಿಲ್ಲದಿದ್ದರೆ ಬೆಳಗಾಗುವವರೆಗೆ ಕಾಯಿರಿ.

ಮುಚ್ಚಿಡದಿರುವುದು

ಗೇಟಿನ ಬಳಿ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕದಲ್ಲಿ 412 ಎಂದು ಬರೆದಿದ್ದರೆ, ಅದನ್ನು ಸೊನ್ನೆಗಿಳಿಸುವ ಪಾಪ ಯಾರಿಗೂ ಬೇಡ. ಸೂಪರ್‌ವೈಸರ್ ‘ಹೊರಗಿನ ಡಾಕ್ಟರಿಗೆ ತೋರಿಸು, ದುಡ್ಡು ನಾನು ಕೊಡುತ್ತೇನೆ’ ಎನ್ನುತ್ತಾನೆ. ಕೆಲಸ ಹೋದೀತೆಂಬ ಭಯದಲ್ಲಿ ಹುಡುಗನೂ ಒಪ್ಪುತ್ತಾನೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇದು ನಡೆಯುತ್ತಿತ್ತು, ಆಗ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಇದರಿಂದ ಹುಡುಗನಿಗೆ ಆಗುವ ನಷ್ಟ ದೊಡ್ಡದು. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವ, ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ನೌಕರನಿಗೆ ಕೆಲಸದಲ್ಲಿ ಗಾಯವಾದರೆ, ಅವನು ಸೇರಿದ್ದು ನಿನ್ನೆಯೇ ಆಗಿದ್ದರೂ ಚಿಕಿತ್ಸೆ ಸಿಗಬೇಕು. ಕೆಲಸಕ್ಕೆ ಬರಲಾಗದಷ್ಟು ದಿನ ಸಂಬಳದ ಸುಮಾರು 90 ಶೇಕಡದಷ್ಟು ಹಣವೂ ಬರುತ್ತದೆ, ಶಾಶ್ವತ ಊನವಾದರೆ ಅದಕ್ಕೆ ಬೇರೆ ಪರಿಹಾರವಿದೆ. ಠೇಕೆದಾರನ ಕೈಕೆಳಗಿನವನಿಗೂ ಇದೇ ಹಕ್ಕು. ಆದರೆ ಅಪಘಾತದ ರಿಜಿಸ್ಟರಿನಲ್ಲಿ ನಮೂದಾಗದೆ, ಇಎಸ್‌ಐಗೆ ವರದಿ ಹೋಗದೆ ಇದು ಯಾವುದೂ ಆಗುವುದಿಲ್ಲ. ಆಸ್ಪತ್ರೆಯ ಕಾಗದದಲ್ಲಿ ‘ಮನೆಯಲ್ಲಿ ಬಿಸಿನೀರು ಬಿತ್ತು’ ಎಂದು ಬರೆಸಿದ ಮೇಲಂತೂ ದಾರಿಯೇ ಮುಚ್ಚಿತು. ಆದ್ದರಿಂದ ಗಾಯವಾದವನ ಜೊತೆ ಆಸ್ಪತ್ರೆಗೆ ಹೋಗುವವರು ಯಾವ ಪದಾರ್ಥ, ಎಷ್ಟು ಗಂಟೆಗೆ, ಯಾವ ಸ್ಥಳದಲ್ಲಿ ಬಿತ್ತು ಎಂಬುದನ್ನು ಇದ್ದಂತೆಯೇ ಬರೆಸಿ, ಅದರ ಫೋಟೋ ತೆಗೆದುಕೊಂಡೇ ಬರಬೇಕು.

ಕೆಲಸಕ್ಕೆ ಮರಳಿದವನ ಹೊಸ ಚರ್ಮ ತೆಳುವಾಗಿರುತ್ತದೆ. ಬಿಸಿಲಿಗೆ ಬೇಗ ಕಪ್ಪಾಗುತ್ತದೆ, ಬೂಟು ಉಜ್ಜಿದರೂ ಸುಲಿಯುತ್ತದೆ, ರಾತ್ರಿ ತುರಿಕೆ ನಿದ್ದೆಗೆಡಿಸುತ್ತದೆ. ಕಲೆ ಉಬ್ಬದಿರಲೆಂದು ವೈದ್ಯರು ಕೊಡುವ ಬಿಗಿಯಾದ ಉಡುಪನ್ನು ಹಲವು ತಿಂಗಳು, ಸ್ನಾನದ ಹೊತ್ತು ಬಿಟ್ಟು, ಹಾಕಿಕೊಂಡೇ ಇರಬೇಕು. ತಳೋಜಾದ ಸೆಕೆಯಲ್ಲಿ ಅದನ್ನು ತೊಟ್ಟು ರಿಯಾಕ್ಟರಿನ ಪಕ್ಕ ನಿಲ್ಲುವುದು ಆಗದ ಮಾತು. ನಮ್ಮ ಹುಡುಗನನ್ನು ಎಂಟು ತಿಂಗಳು ಸ್ಟೋರಿನಲ್ಲಿ ಕೂರಿಸಿದೆವು. ಈಗ ಶವರಿನ ಪಕ್ಕದ ಆ ಡಬ್ಬಿಯ ಲುಂಗಿಗಳನ್ನು ತಿಂಗಳಿಗೊಮ್ಮೆ ಒಗೆದು, ಒಣಗಿಸಿ, ಮಡಚಿ ಇಡುವವನೂ, ಜೆಲ್ಲಿನ ಟ್ಯೂಬಿನ ಅವಧಿ ಮುಗಿಯುವ ತಾರೀಖನ್ನು ಡಬ್ಬಿಯ ಮುಚ್ಚಳದ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದವನೂ ಅವನೇ.